ಹಾಲು ಯಾಕೆ ಬರಲಿಲ್ಲ ಅಂತ ಕೇಳೋರು

ಇಲ್ಲಿ ಏನಾದ್ರೂ ಬರೆದು ಮೂರು ತಿಂಗಳಾಯ್ತು. ಸೋಮಾರಿ ಅಂತ ಬೈಕೊಳ್ಳಿ, ಪರವಾಗಿಲ್ಲ. ಹೋದ ವಾರ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ತಿಂತಾ ಇದೆ, ಬರೆದು ಹಾಕಿಬಿಡ್ತೀನಿ.

ನಮ್ಮೂರು ನಾಗಮಂಗಲ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನೂರೈವತ್ತು ಮನೆ ಇದ್ದರೆ ಹೆಚ್ಚು. ಅಮ್ಮ ಅಲ್ಲಿ ಒಬ್ಬಳೇ ಇದ್ದಾಳೆ, ಒಂದು ಹಸು ಕಟ್ಟಿಕೊಂಡು. ನಾನಿರೋದು ಇಲ್ಲಿ, ಜ್ಞಾನಭಾರತಿಯಲ್ಲಿ. ಯೂನಿವರ್ಸಿಟಿ ಇದೆ, ಮರಗಳಿವೆ, 2021ರಿಂದ ಮೆಟ್ರೋ ಇದೆ, ಹತ್ತು ನಿಮಿಷದ ದಾರಿಯಲ್ಲಿ ಎಷ್ಟು ಬೇಕಾದರೂ ಆಸ್ಪತ್ರೆಗಳಿವೆ. ಹಾಗಾಗಿ ಪ್ರತಿ ಸಲ ಊರಿಗೆ ಹೋದಾಗಲೂ ನನ್ನದು ಒಂದೇ ರಾಗ. "ಇಲ್ಲೇನಿದೆ ಅಂತ ಕೂತಿದೀಯ, ಬಾ ಬೆಂಗಳೂರಿಗೆ." ಅಮ್ಮನದೂ ಒಂದೇ ಉತ್ತರ. "ಅಲ್ಲಿಗ್ ಬಂದು ಏನ್ ಮಾಡ್ಲಪ್ಪ? ನೀವೆಲ್ಲ ಬೆಳಗ್ಗೆ ಓದ್ರೆ ರಾತ್ರಿ ಬತ್ತೀರಿ. ನಾನ್ ಬಿದ್ರೆ ಯಾರ್ಗ್ ಗೊತ್ತಾಯ್ತದೆ?"

ಇದು ಹಠ ಅಂತ ಅಂದುಕೊಂಡಿದ್ದೆ. ಹೋದ ವರ್ಷ ಆಷಾಢದಲ್ಲಿ ನಡೆದ ಎರಡು ಸಂಗತಿ ಕೇಳಿ.

ಅಮ್ಮನಿಗೆ ಜ್ವರ ಬಂತು. ನಮಗ್ಯಾರಿಗೂ ಹೇಳಲಿಲ್ಲ, ಹೇಳೋ ಪೈಕಿ ಅಲ್ಲ. ಎರಡು ಹೊತ್ತು ಡೈರಿಗೆ ಹಾಲು ಹೋಗಲಿಲ್ಲ. ಮೂರನೇ ಹೊತ್ತಿಗೆ ಡೈರಿ ಸೆಕ್ರೆಟ್ರಿ "ಅಮ್ಮಾರ್ ಹಾಲ್ ಯಾಕ್ ಬಂದಿಲ್ಲ?" ಅಂತ ಅಲ್ಲಿದ್ದವರನ್ನ ಕೇಳಿದ್ದಾರೆ. ಆ ಮಾತು ಆಶಾ ಕಾರ್ಯಕರ್ತೆಯ ಕಿವಿಗೆ ಬಿದ್ದಿದೆ. ಆಕೆ ಬಂದು ಬಾಗಿಲು ತಟ್ಟಿ, ಆಟೋ ಕರೆಸಿ, ಅಮ್ಮನ್ನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ, ಆಮೇಲೆ ನನಗೆ ಫೋನ್ ಮಾಡಿದರು. ನಾನು ಆಗ ಮೀಟಿಂಗಿನಲ್ಲಿದ್ದೆ. ಫೋನ್ ಕಟ್ ಮಾಡಿದೆ. ಗೊತ್ತಿಲ್ಲದ ನಂಬರು ನೋಡಿ...

ಅದೇ ತಿಂಗಳು ಇಲ್ಲಿ ನಮ್ಮ ಹಿಂದಿನ ರಸ್ತೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದರು. ಮಕ್ಕಳು ಹೊರದೇಶದಲ್ಲಿ. ಗೇಟಿಗೆ ಕಟ್ಟಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ ಹಾಗೇ ಇತ್ತು. ಬೆಳಗಿನ ವಾಕಿಂಗಿಗೆ ನಾನೂ ಆ ದಾರಿಯಲ್ಲೇ ಹೋಗಿದ್ದೆ, ಚೀಲ ನೋಡಿಯೂ ಇದ್ದೆ. ಮಾರನೇ ದಿನ ಎರಡನೇ ಪ್ಯಾಕೆಟ್ ಹಾಕೋಕೆ ಬಂದ ಹುಡುಗ ಕೂಗಿದ ಮೇಲೇ ಗೊತ್ತಾಗಿದ್ದು. ಪುಣ್ಯಕ್ಕೆ ಬದುಕಿಕೊಂಡರು.

ಹಳ್ಳಿಯಲ್ಲಿ ಎಲ್ಲ ಚಿನ್ನ ಅಂತ ಹೇಳ್ತಾ ಇಲ್ಲ. ಗ್ರಾಮಸಭೆ ಆಯ್ತು ಅನ್ನೋದು ನಮ್ಮಮ್ಮನಿಗೆ ಗೊತ್ತಾಗೋದು ಅದು ಮುಗಿದು ಎರಡು ದಿನ ಆದ ಮೇಲೆ. ಇನ್ನೊಂದು ವಿಷಯ, ಇದನ್ನ ಬರೀಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಆ ಆಶಾ ಕಾರ್ಯಕರ್ತೆ ನಮ್ಮೂರಿನ ಕೇರಿಯವರು. ಹತ್ತು ವರ್ಷದಿಂದ ನಮ್ಮ ಬೀದಿಗೆ ಬರ್ತಿದ್ದಾರೆ. ಅಷ್ಟೂ ವರ್ಷ ಅಮ್ಮ ಅವರನ್ನ ಕೂರಿಸ್ತಿದ್ದದ್ದು ಜಗುಲಿ ಮೇಲೆ. ಜ್ವರದಲ್ಲಿ ಮಲಗಿದ್ದವಳನ್ನ ಎಬ್ಬಿಸಿ, ಹೆಗಲು ಕೊಟ್ಟು ನಡೆಸಿಕೊಂಡು ಹೋಗೋಕೆ ಆಕೆ ಮೊದಲ ಸಲ ಹೊಸ್ತಿಲು ದಾಟಿದ್ದು. ಈಗ ಬಿಪಿ ನೋಡೋಕೆ ನಡುಮನೆವರೆಗೆ ಬರ್ತಾರೆ, ಕಾಫಿನೂ ಅಲ್ಲೇ. ಅಡುಗೆಮನೆಗೆ ಇನ್ನೂ ಇಲ್ಲ. ನಾನು ಅಮ್ಮನ ಜೊತೆ ಜಗಳ ಆಡಿದೆ. "ನಿಂಗೊತ್ತಾಗಲ್ಲ ಸುಮ್ಕಿರು" ಅಂದಳು.

ಹೋದ ವಾರ ಆಕೆ ಸಿಕ್ಕಿದಾಗ ಜೇಬಿನಿಂದ ಐನೂರರ ಎರಡು ನೋಟು ತೆಗೆದು ಕೊಡೋಕೆ ಹೋದೆ. ತಗೊಳ್ಳಲಿಲ್ಲ. "ನಿಮ್ ದುಡ್ಡು ಬ್ಯಾಡ ಅಣ್ಣ, ನಮ್ಗೆ ಸಂಬ್ಳ ಕೊಡಕ್ಕೇಳಿ" ಅಂತ ನಕ್ಕರು. ನನಗೆ ನಾಚಿಕೆ ಆಯ್ತು.

ಯಾಕಂದ್ರೆ ಅವರಿಗೆ ಕೊಡೋದಕ್ಕೆ ನಾವು ಸಂಬಳ ಅನ್ನೋದೇ ಇಲ್ಲ, ಗೌರವಧನ ಅಂತೀವಿ! 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಹಳ್ಳಿಗಳಲ್ಲಿ ಸುಮಾರು ಸಾವಿರ ಜನಕ್ಕೊಬ್ಬರಂತೆ ಆಶಾ ಅಂತ ಲೆಕ್ಕ ಹಾಕಿದರು. ಸ್ವಯಂಸೇವಕಿ ಅಂದರು. ಸ್ವಯಂಸೇವಕಿಗೆ ಸಂಬಳ ಕೊಡಬೇಕಿಲ್ಲವಲ್ಲ! ನಮ್ಮ ರಾಜ್ಯದಲ್ಲಿ ತಿಂಗಳಿಗೆ ಐದು ಸಾವಿರ, ಅದರ ಮೇಲೆ ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ ಅಂತಿತ್ತು. ಆ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದಿದ್ದರೆ ದುಡ್ಡು ಖೋತಾ. ಕೊರೊನಾ ಕಾಲದಲ್ಲಿ ಮನೆಮನೆ ಸುತ್ತಿದ್ದು ಇವರೇ. ಅದಕ್ಕೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹತ್ತು ಲಕ್ಷಕ್ಕೂ ಮಿಕ್ಕಿದ ಆಶಾಗಳಿಗೆ ಪ್ರಶಸ್ತಿಯನ್ನೂ ಕೊಟ್ಟಿತು. ಪ್ರಶಸ್ತಿ ಬಂದ ಮೇಲೂ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯೆಲ್ಲ ಮಲಗಬೇಕಾಯ್ತು. ನಾಲ್ಕನೇ ದಿನ ಮುಖ್ಯಮಂತ್ರಿಗಳು ತಿಂಗಳಿಗೆ ಕನಿಷ್ಠ ಹತ್ತು ಸಾವಿರ ಸಿಗೋ ಹಾಗೆ ಮಾಡ್ತೀವಿ ಅಂದರು. ಮಾತು ನಡೆಯಲಿಲ್ಲ ಅಂತ ಅದೇ ವರ್ಷ ಆಗಸ್ಟಿನಲ್ಲಿ ಮತ್ತೆ ಧರಣಿ.

ಅಂಗನವಾಡಿಯವರ ಕಥೆನೂ ಹೆಚ್ಚುಕಮ್ಮಿ ಇದೇ. 1975ರ ಅಕ್ಟೋಬರ್ 2ಕ್ಕೆ ಶುರುವಾದ ಯೋಜನೆ. ಅವರಿಗೆ ಗ್ರಾಚ್ಯುಯಿಟಿ ಪಡೆಯೋ ಹಕ್ಕಿದೆ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2022ರ ಏಪ್ರಿಲಿನಲ್ಲಿ. ಲೆಕ್ಕ ಹಾಕ್ಕೊಳ್ಳಿ.

ನಾವು ಬೆಂಗಳೂರಲ್ಲಿ ಕೂತಿರೋ ಮಕ್ಕಳು ಅಪ್ಪ ಅಮ್ಮನ್ನ ಯಾರ ಭರವಸೆ ಮೇಲೆ ಊರಲ್ಲಿ ಬಿಟ್ಟಿದೀವಿ? ಇವರ ಕಾಲ ಮೇಲೆ. ಅವರನ್ನ ಸರ್ಕಾರಿ ನೌಕರರು ಅಂತ ಮಾಡಿ, ಸಂಬಳ, ಪಿಎಫ್, ರಜೆ ಎಲ್ಲ ಕೊಡಲಿ ಅನ್ನೋದು ನನ್ನ ವಾದ. ಖಜಾನೆಗೆ ಭಾರ ಅನ್ನೋರು ಒಂದು ವಾರ ಆ ಕೆಲಸ ಮಾಡಿ ನೋಡಲಿ. ಇಂಥ ಜನ ಹಳ್ಳಿಯಷ್ಟೇ ನಗರಕ್ಕೂ ಬೇಕು.

ನಗರ ಅಂದೆನಲ್ಲ, ನಮ್ಮ ಸುತ್ತಮುತ್ತ ಇರೋದೂ ಹಳೇ ಹಳ್ಳಿಗಳೇ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಹತ್ತು ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಮಾಡಿದರು. ನಮ್ಮ ಮನೆ ಹತ್ತಿರ ಹೂ ಕಟ್ಟಿ ಮಾರೋ ಒಬ್ಬ ಅಜ್ಜಿ ಹುಟ್ಟಿ ಬೆಳೆದದ್ದು ಇಂಥದ್ದೇ ಒಂದು ಹಳ್ಳಿಯಲ್ಲಿ. ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರ್ತಿತ್ತು, ತಿಂಗಳಿಗೆ ಸಾವಿರದಿನ್ನೂರು. ಅದು ನಿಂತು ಆರು ತಿಂಗಳು. ಆಧಾರ್‌ನಲ್ಲಿರೋ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರ ವ್ಯತ್ಯಾಸ. ಬ್ಯಾಂಕಿಗೆ ಹೋದರೆ ಕಚೇರಿಗೆ ಹೋಗಿ ಅಂತಾರೆ, ಕಚೇರಿಗೆ ಹೋದರೆ ಬ್ಯಾಂಕಿಗೆ ಹೋಗಿ ಅಂತಾರೆ. "ಮೊದ್ಲಾಗಿದ್ರೆ ಪಂಚಾಯ್ತಿ ಮುಂದೆ ನಿಂತ್ಕೊಂಡು ಮೆಂಬರನ್ನ ನಾಲ್ಕ್ ಮಾತು ಬೈದ್ರೆ ಕೆಲ್ಸ ಆಗದು ಸಾಮಿ. ಈಗ ಯಾರ್ನ್ ಬೈಲಿ?" ಅಂತ ಕೇಳಿದರು.

ಉತ್ತರ ಇರಲಿಲ್ಲ ನನ್ನ ಹತ್ತಿರ. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಅಂತಾಯ್ತು. ಬೋರ್ಡು ಬದಲಾಯ್ತು, ಅಜ್ಜಿಯ ಒಂದಕ್ಷರ ಬದಲಾಗಲಿಲ್ಲ :)

ನಗರದಲ್ಲೂ ಆಶಾ ಇದ್ದಾರೆ, ಅಂಗನವಾಡಿ ಇದೆ. ನಮ್ಮ ಬಡಾವಣೆಯ ಆಶಾ ಯಾರು ಅಂತ ಮೊನ್ನೆ ನಾಲ್ಕು ಮನೆಯಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಐದನೆಯವರು ನಾನು ಏನೋ ಮಾರೋಕೆ ಬಂದಿದೀನಿ ಅಂದುಕೊಂಡು ಬಾಗಿಲೇ ತೆಗೀಲಿಲ್ಲ. ಕೊನೆಗೆ ಹೇಳಿದ್ದು ಹೂವಿನ ಅಜ್ಜಿಯೇ. "ಆ ಹಿಂದಿನ್ ಗಲ್ಲಿ, ನೀಲಿ ಗೇಟು" ಅಂತ.

ಸೋಮವಾರ ಅರ್ಧ ದಿನ ರಜೆ ಹಾಕಿದೀನಿ, ಅಜ್ಜಿ ಜೊತೆ ಮತ್ತೆ ಬ್ಯಾಂಕಿಗೆ ಹೋಗಬೇಕು. ಹೆಸರು ತಿದ್ದಿಸೋ ವಿಷಯದಲ್ಲಿ ನಿಮಗ್ಯಾರಿಗಾದ್ರೂ ಅನುಭವ ಇದ್ದರೆ ಕೆಳಗೆ ಬರೀರಿ, ಉಪಕಾರ ಆಗುತ್ತೆ. ಹಾಗೇ ನಿಮ್ಮೂರಲ್ಲಿ ಅಮ್ಮನ್ನ ನೋಡ್ಕೊಳ್ಳೋ ಆಶಾ ಫೋನ್ ನಂಬರು ನಿಮ್ಮ ಮೊಬೈಲಿನಲ್ಲಿ ಸೇವ್ ಆಗಿದೆಯಾ? ನಾನು ಮಾಡಿಕೊಂಡಿದ್ದು ಹೋದ ವಾರ.