ಚೀಟಿ ಕುಲುಕಿದರೆ ಸಾಕೇ?

ಶಾಲೆಯೊಂದರ ಆರುನೂರು ಮಕ್ಕಳ ಓದುವ ಸಾಮರ್ಥ್ಯವನ್ನು ಅಂದಾಜು ಮಾಡಲು ಮೂವತ್ತು ಮಕ್ಕಳನ್ನು ಪರೀಕ್ಷಿಸುವುದು ರೂಢಿ. ಆದರೆ ಆ ಮೂವತ್ತು ಮಂದಿ ಯಾರು? ಮುಂದಿನ ಸಾಲಿನವರೋ, ಪರಸ್ಥರೆದುರು ಅಳುಕದೆ ಓದುವವರೋ ಆದಲ್ಲಿ ದಾನಿಗಳಿಗೆ ಸಲ್ಲುವ ವರದಿಯೇನೋ ಸುಂದರವಾಗಿರುತ್ತದೆ. ಹಿಂದುಳಿದ ಮಗುವಿಗೆ ಸಲ್ಲಬೇಕಾದ ನೆರವು ಮಾತ್ರ ಸಲ್ಲದು. ಉಪಾಧ್ಯಾಯರು ಪಕ್ಷಪಾತಿಗಳೆಂದು ಇದರ ಅರ್ಥವಲ್ಲ. ಕಣ್ಣು ತಾನರಿಯದೆಯೇ ಆರಿಸಿಕೊಳ್ಳುತ್ತದೆ.

ಚೀಟಿ ಎತ್ತಿದರೆ ಈ ದೋಷ ನೀಗುವುದೆಂದು ಹಲವರ ನಂಬಿಕೆ. ವಿಯೆಟ್ನಾಂ ಯುದ್ಧಕಾಲದಲ್ಲಿ, ಯುವಕರನ್ನು ಸೈನ್ಯಕ್ಕೆ ಕರೆಯುವ ಸರದಿಯನ್ನು ನಿರ್ಧರಿಸಲು ಅಮೆರಿಕದಲ್ಲಿ 1969ರ ಡಿಸೆಂಬರ್ 1ರಂದು ವರ್ಷದ 366 ದಿನಾಂಕಗಳನ್ನು ಪುಟ್ಟ ಡಬ್ಬಿಗಳಲ್ಲಿಟ್ಟು ಒಂದೊಂದಾಗಿ ಎತ್ತಿದರು. ತಿಂಗಳ ಕ್ರಮದಲ್ಲಿ ತುಂಬಿದ್ದ ಅವು ಸರಿಯಾಗಿ ಬೆರೆತಿರಲಿಲ್ಲ. ಜನವರಿಯ ದಿನಗಳಿಗೆ ಬಂದ ಸರದಿಯ ಸರಾಸರಿ 201.2; ಡಿಸೆಂಬರಿನದು 121.5. ಕರೆ ಹೋದದ್ದು 195ನೆಯ ಸರದಿಯವರೆಗೆ. ಬೆರೆಸಿದವರ ಅಜಾಗ್ರತೆಗೆ ತೆತ್ತ ಬೆಲೆ ಎಂತಹುದೆಂಬುದನ್ನು ಓದುಗರೇ ಊಹಿಸಬಹುದು. 1970ರ ಜುಲೈನಲ್ಲಿ ಮುಂದಿನ ಸರದಿಯನ್ನು ಎತ್ತುವಾಗ, ಡಬ್ಬಿಗಳನ್ನು ತುಂಬುವ ಕ್ರಮವನ್ನೇ ಯಾದೃಚ್ಛಿಕ ಸಂಖ್ಯೆಗಳಿಂದ ಗೊತ್ತುಪಡಿಸಿದರು.

ನಮಗೆ ಡಬ್ಬಿಯೂ ಬೇಡ. ಹಾಜರಿ ಪುಸ್ತಕದ ಪ್ರತಿ ಹೆಸರಿನ ಮುಂದೆ ಒಂದೊಂದು ಯಾದೃಚ್ಛಿಕ ಸಂಖ್ಯೆಯನ್ನು ಬರೆಯಬೇಕು. ಒಂದೇ ಸಂಖ್ಯೆ ಇಬ್ಬರಿಗೆ ಬಾರದಷ್ಟು ಅಂಕಿಗಳಿರಲಿ. ಬಳಿಕ ಹೆಸರುಗಳನ್ನು ಆ ಸಂಖ್ಯೆಗಳ ಏರಿಕೆಯ ಕ್ರಮದಲ್ಲಿ ಜೋಡಿಸಿ ಮೊದಲ ಮೂವತ್ತನ್ನು ತೆಗೆದುಕೊಂಡರಾಯಿತು. ಯಾವ ಮೂವತ್ತು ಮಕ್ಕಳ ಗುಂಪಿಗಾದರೂ ಆಯ್ಕೆಯಾಗುವ ಅವಕಾಶ ಸಮಾನ; ಸರಳ ಯಾದೃಚ್ಛಿಕ ಮಾದರಿಯೆಂದರೆ ಇದೇ. ಇನ್ನೂ ಹತ್ತು ಮಂದಿ ಬೇಕೆನಿಸಿದರೆ ಪಟ್ಟಿಯ ಮುಂದಿನ ಹತ್ತು ಹೆಸರುಗಳು ಸಿದ್ಧವಾಗಿಯೇ ಇರುತ್ತವೆ. ಟಿಪೆಟ್ ಎಂಬ ವಿದ್ವಾಂಸರು 1927ರಲ್ಲಿಯೇ ಇಂತಹ 41,600 ಅಂಕಿಗಳ ಕೋಷ್ಟಕವನ್ನು ಪ್ರಕಟಿಸಿದ್ದರು; ಈಗ ಗಣಕಯಂತ್ರ ಕ್ಷಣಮಾತ್ರದಲ್ಲಿ ಒದಗಿಸುತ್ತದೆ. ಆದರೆ ಗಣಕದ ಹಾಳೆ ಮುಟ್ಟಿದಾಗಲೆಲ್ಲ ಸಂಖ್ಯೆಗಳನ್ನು ಬದಲಿಸುವುದುಂಟು. ಮೊದಲು ಬಂದುದನ್ನೇ ಸ್ಥಿರಪಡಿಸಿ, ಜೋಡಿಸಿದ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಸಹಿಯೊಡನೆ ವರದಿಗೆ ಲಗತ್ತಿಸಬೇಕೆಂಬುದು ನನ್ನ ಆಗ್ರಹ. ಮನಸ್ಸಿಗೊಪ್ಪುವ ಪಟ್ಟಿ ಬರುವವರೆಗೆ ಮತ್ತೆ ಮತ್ತೆ ಸಂಖ್ಯೆ ಹಾಕುವುದಾದರೆ ಈ ಶ್ರಮವೇ ವ್ಯರ್ಥ.

ಆಯ್ಕೆಯಾದ ಮಗು ಅಂದು ಗೈರುಹಾಜರಾಗಿದ್ದರೆ ಪಕ್ಕದ ಮಗುವನ್ನು ಕೂರಿಸುವ ಸುಲಭೋಪಾಯವೂ ಸಲ್ಲದು. ಮರಳಿ ಬಂದ ದಿನವೇ ಆ ಮಗುವನ್ನು ಪರೀಕ್ಷಿಸಬೇಕು. ಸುಗ್ಗಿಯ ದಿನಗಳಲ್ಲಿ ಹೊಲದ ಕೆಲಸಕ್ಕೆ ಹೋಗುವ ಮಕ್ಕಳ ಓದು ಎಲ್ಲಿಗೆ ಬಂದು ನಿಂತಿದೆಯೆಂಬುದು ದಾನಿಗಳಿಗೂ ನಮಗೂ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ.