ಯಂತ್ರವನ್ನು ಕಾಯುವವರು ಯಾರು?

ವಿಮಾನ ಅಪಘಾತದ ಸುದ್ದಿ ಬಂದೊಡನೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ದೋಷ ಯಂತ್ರದ್ದೋ, ವೈಮಾನಿಕನದೋ? ಈ ಪ್ರಶ್ನೆಯೇ ಅಪೂರ್ಣವೆಂದು ನನ್ನ ಅಭಿಪ್ರಾಯ. ವಿಮಾನಕ್ಕೆ ಹೇಳಿಕೊಳ್ಳುವಂಥ ಕೇಡಿಲ್ಲದೆ, ವೈಮಾನಿಕರೂ ಅನುಭವಹೀನರಾಗಿರದೆ ನೂರಾರು ಜೀವಗಳು ಹೋದ ನಿದರ್ಶನಗಳುಂಟು.

1972ರ ಡಿಸೆಂಬರ್ 29ರ ರಾತ್ರಿ ನ್ಯೂಯಾರ್ಕಿನಿಂದ ಮಯಾಮಿಗೆ ಬಂದ ಈಸ್ಟರ್ನ್ ಏರ್‌ಲೈನ್ಸ್ ವಿಮಾನವನ್ನೇ ನೋಡೋಣ. ಮುಂಗಾಲಿಯು ಕೆಳಗಿಳಿದಿದೆ ಎಂದು ಸೂಚಿಸುವ ಹಸಿರು ದೀಪ ಹೊತ್ತಲಿಲ್ಲ. ವಿಮಾನವನ್ನು 2000 ಅಡಿ ಎತ್ತರದಲ್ಲಿ ಆಟೋಪೈಲಟ್‌ಗೆ ಒಪ್ಪಿಸಿ ಎಲ್ಲರೂ ಆ ದೀಪದ ಬೆನ್ನು ಹತ್ತಿದರು. ನಿಜಕ್ಕೂ ಗಾಲಿ ಇಳಿದೇ ಇತ್ತು, ಕೆಟ್ಟಿದ್ದುದು ಬಲ್ಬು. ಈ ನಡುವೆ ಚಾಲಕದಂಡಕ್ಕೆ ಕೈಯೋ ಮೈಯೋ ತಗುಲಿ, ಎತ್ತರ ಕಾಯುವ ವ್ಯವಸ್ಥೆ ಸದ್ದಿಲ್ಲದೆ ಕಳಚಿಕೊಂಡಿತು. ಎಚ್ಚರಿಕೆಯ ನಾದವೇನೋ ಕೇಳಿಸಿತು, ಆದರೆ ಅದು ಫ್ಲೈಟ್ ಎಂಜಿನಿಯರರ ಆಸನದ ಬಳಿ; ಅವರು ಗಾಲಿಯನ್ನು ಕಣ್ಣಾರೆ ನೋಡಲು ನೆಲದಡಿಯ ಕೋಣೆಗೆ ಇಳಿದಿದ್ದರು. ರಾಡಾರಿನಲ್ಲಿ 900 ಅಡಿ ಎಂದು ಕಂಡ ನೆಲದ ಅಧಿಕಾರಿಯೂ ಕೆಲಸ ಹೇಗೆ ಸಾಗಿದೆಯೆಂದು ಕೇಳಿದರೇ ಹೊರತು ಎತ್ತರದ ಮಾತೆತ್ತಲಿಲ್ಲ. 176 ಮಂದಿಯಲ್ಲಿ 101 ಮಂದಿ ಮಡಿದರು. ಒಂದು ಬಲ್ಬಿಗಾಗಿ!

ನಮ್ಮ ಬೆಂಗಳೂರಿನಲ್ಲಿ 1990ರ ಫೆಬ್ರವರಿ 14ರಂದು ನಡೆದುದೂ ಇದೇ ಜಾತಿಯದು. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಏರ್‌ಬಸ್ ಎ-320 ವಿಮಾನ ಇಳಿಯುವ ಹೊತ್ತಿನಲ್ಲಿ ಎಂಜಿನುಗಳು ಕನಿಷ್ಠ ಶಕ್ತಿಯಲ್ಲಿದ್ದವು. ವೇಗವನ್ನು ಯಂತ್ರ ಕಾಯುತ್ತಿಲ್ಲವೆಂಬುದು ಅರಿವಾಗುವ ವೇಳೆಗೆ ನೆಲ ಸಮೀಪಿಸಿತ್ತು. ಫ್ಲೈಟ್ ಡೈರೆಕ್ಟರ್ ಎಂಬ ಸಾಧನಗಳೆರಡನ್ನೂ ಆರಿಸಿದ್ದರೆ ಎಂಜಿನುಗಳು ವೇಗ ಕಾಯುವ ಕ್ರಮಕ್ಕೆ ಮರಳುತ್ತಿದ್ದವು. ಒಂದನ್ನು ಮಾತ್ರ ಆರಿಸಲಾಗಿತ್ತು. ವಿಮಾನ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿತು. 146 ಮಂದಿಯಲ್ಲಿ 92 ಮಂದಿ ಅಸುನೀಗಿದರು. ಒಬ್ಬರು ಚಾಲನೆಯಲ್ಲಿ, ಮತ್ತೊಬ್ಬ ಹಿರಿಯರು ಅವರನ್ನು ಪರೀಕ್ಷಿಸುವುದರಲ್ಲಿ ಇದ್ದರು. ಒಬ್ಬರು ಮಾಡಿದ್ದಾರೆಂದು ಮತ್ತೊಬ್ಬರು ಭಾವಿಸಿಕೊಳ್ಳುವ ಅಪಾಯ ಇಂತಹ ಜೋಡಿಯಲ್ಲಿ ಹೆಚ್ಚು.

1979ರಲ್ಲಿ ನಾಸಾ ಸಂಸ್ಥೆ ಈ ಕುರಿತು ವಿಚಾರಗೋಷ್ಠಿ ಕರೆಯಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ವೈಮಾನಿಕರಿಗೆ ಪರಸ್ಪರ ಸಹಕಾರದ ಶಿಕ್ಷಣವನ್ನು ಆರಂಭಿಸಿತು. ಇಂದು ಅದು ಎಲ್ಲೆಡೆ ಕಡ್ಡಾಯ. ಆದರೂ 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನದಲ್ಲಿ, ಇಳಿಯುವುದು ಬೇಡ, ಮೇಲೇರೋಣವೆಂದು ಸಹವೈಮಾನಿಕ ಮೂರು ಬಾರಿ ಹೇಳಿಯೂ ಕ್ಯಾಪ್ಟನ್ ಇಳಿಸಿದರು. 158 ಮಂದಿ ಸತ್ತರು. ಹೇಳುವವನಿದ್ದ, ಕೇಳುವವರಿರಲಿಲ್ಲ.

ಹಿರಿಯರ ಮಾತಿಗೆ ಎದುರಾಡದಿರುವುದು ನಮ್ಮಲ್ಲಿ ಸದ್ಗುಣ. (ಕಪ್ಪುಹಲಗೆಯ ಮೇಲಿನ ತಪ್ಪನ್ನು ಎದ್ದು ತೋರಿಸುವ ಹುಡುಗ ತರಗತಿಗೊಬ್ಬ ಸಿಕ್ಕರೆ ಹೆಚ್ಚು; ಉಪಾಧ್ಯಾಯ ಬಂಧುಗಳು ಇದನ್ನು ಬಲ್ಲರು.) ಕ್ಯಾಪ್ಟನ್ನರ ಅಧಿಕಾರ ಕುಗ್ಗೀತೆಂಬ ಆಕ್ಷೇಪಣೆಯನ್ನು ನಾನು ಒಪ್ಪಲಾರೆ. ನೆಲ ಸಮೀಪಿಸಿದಾಗ ಇಬ್ಬರಲ್ಲಿ ಯಾರೇ ಮೇಲೇರೋಣವೆಂದರೂ ವಿಮಾನ ಮೇಲೇರಲೇಬೇಕು, ಚರ್ಚೆ ಆಮೇಲಾಗಲಿ. ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಪರೀಕ್ಷಕರು ಬೇಕೆಂದೇ ಒಂದು ತಪ್ಪು ಮಾಡಿ, ಕಿರಿಯನು ಎಷ್ಟು ಕ್ಷಣಗಳಲ್ಲಿ ಬಾಯಿ ತೆರೆದನೆಂಬುದನ್ನು ಎಣಿಸಲಿ. ಮಾತು ಕೇಳಿಸಿಕೊಳ್ಳದ ಹಿರಿಯನಿಗೆ ಎಷ್ಟೇ ಸಾವಿರ ಗಂಟೆಗಳ ಹಾರಾಟದ ಅನುಭವವಿರಲಿ, ಆ ವರ್ಷ ಅವನನ್ನು ತೇರ್ಗಡೆ ಮಾಡಬಾರದು.