ನಿದ್ರೆಯ ಗುಳಿಗೆಯೂ ಅರ್ಬುದವೂ

ಕಳೆದ ಮಾಘಮಾಸದಲ್ಲಿ ನಾವು ಹಾವೇರಿಯಿಂದ ರಾಣೇಬೆನ್ನೂರಿಗೆ ರೈಲಿನಲ್ಲಿ ಹೊರಟಿದ್ದೆವು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ವ್ಯಾಪಾರಸ್ಥರು ನಾಲ್ವರು ಹತ್ತಿದರು. ಅವರ ವಸ್ತ್ರಗಳ ಘಾಟಿಗೆ ಡಬ್ಬಿಯಲ್ಲಿದ್ದವರೆಲ್ಲರೂ ಒಬ್ಬರಾದ ಮೇಲೊಬ್ಬರು ಸೀನತೊಡಗಿದರು. ನಾವು ಹೋಗುತ್ತಿದ್ದುದು ನಮ್ಮ ತಂಗಿಯನ್ನು ನೋಡಲಿಕ್ಕೆ. ಆಕೆಗೆ ಮೇದೋಜೀರಕ ಗ್ರಂಥಿಯಲ್ಲಿ ಅರ್ಬುದವಾಗಿದೆ. ಹುಬ್ಬಳ್ಳಿಯಲ್ಲಿ ಚಿಕಿತ್ಸೆ ನಡೆದಿದೆ.

ಮನೆಯೊಳಗೆ ಕಾಲಿಡುತ್ತಲೇ ಆಕೆಯ ಮಗನು ಗುಳಿಗೆಯ ಪಟ್ಟಿಯೊಂದನ್ನು ನಮ್ಮ ಕೈಯಲ್ಲಿಟ್ಟು, “ಮಾಮಾ, ಅವ್ವಗ ನಿದ್ದಿ ಬರಲೆಂದು ಕೊಟ್ಟ ಲೋರಾಜೆಪಾಮ್ ಇದು. ಇದರಿಂದ ಗಡ್ಡಿ ಬೆಳೀತದಂತ ಓದೀನಿ. ಇವತ್ತಿನಿಂದ ಬಂದ್ ಮಾಡಲೇನ್ರಿ?” ಎಂದನು. ಬಾಗಿಲ ಮರೆಯಲ್ಲಿದ್ದ ತಂಗಿಯು ಆಡಿದ್ದು ಒಂದೇ ಮಾತು: “ನಿದ್ದೀನೂ ಹೋದ್ರ ನನಗೇನ ಉಳೀತದ, ಅಣ್ಣಾ?”

ನಾವು ಸಂಸ್ಕೃತ ಕಲಿಸಿದವರು, ವೈದ್ಯರಲ್ಲ. ಆಳಕ್ಕೆ ಬೇರಿಳಿದು ನಿಧಾನವಾಗಿ ಬೆಳೆಯುವ, ಕೀವಾಗದ ಗಟ್ಟಿ ಗಂಟೇ ಅರ್ಬುದವೆಂದು ಸುಶ್ರುತಸಂಹಿತೆಯಲ್ಲಿ ಹೇಳಿದೆ. ನಮ್ಮ ಪಾಂಡಿತ್ಯವು ಅಲ್ಲಿಗೆ ಮುಗಿಯಿತು. ಆದರೆ ಹುಡುಗನು ಓದಿದ್ದು ಬರಿಯ ಗಾಳಿಮಾತಲ್ಲ.

ಬ್ಯಾಡಗಿಯ ಮೆಣಸಿನಕಾಯಿಯಿಂದಲೇ ಆರಂಭಿಸೋಣ. ಖಾರವೆಂಬುದು ವಾಸ್ತವವಾಗಿ ರುಚಿಯಲ್ಲ. ಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ದ್ರವ್ಯವು, ನರದ ತುದಿಯಲ್ಲಿ ಬಿಸಿಯನ್ನರಿಯಲೆಂದಿರುವ ಗ್ರಾಹಕವನ್ನು ಕೂಡುತ್ತದೆ. ಬೀಗಕ್ಕೆ ಕೀಲಿ ಹೊಂದಿದಂತೆ ಅದು ತೆರೆದು, ಸುಡದಿದ್ದರೂ ಸುಟ್ಟಿತೆಂಬ ವಾರ್ತೆಯನ್ನು ಮಿದುಳಿಗೆ ಕಳಿಸುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲುದಾರರಾದರು. ಬ್ಯಾಡಗಿಯ ಕಾಯಿಯಲ್ಲಿ ಆ ದ್ರವ್ಯವು ಅಲ್ಪ, ಬಣ್ಣವೇ ಅಧಿಕ. (ಸೀನಿಗೆ ಮಾತ್ರ ಅದೇನೂ ಕಡಿಮೆಯಿಲ್ಲ!)

ನಿದ್ರೆಯ ಗುಳಿಗೆಗಳ ಕ್ರಮವೂ ಇದೇ. 1960ರ ಲಿಬ್ರಿಯಮ್, 1963ರ ವ್ಯಾಲಿಯಮ್ ಇವುಗಳಿಂದ ಬೆಳೆದ ಬೆಂಜೋಡಯಾಜೆಪೀನ್ ಎಂಬ ವಂಶದಲ್ಲಿ ಲೋರಾಜೆಪಾಮ್, ಆಲ್ಪ್ರಜೋಲಾಮ್ ಸಹೋದರರಿದ್ದಂತೆ. ಮಿದುಳಿನಲ್ಲಿ ಗಾಬಾ ಎಂಬ ಶಾಮಕದ್ರವ್ಯದ ಗ್ರಾಹಕಕ್ಕೆ ಇವು ಬಲವೀಯುತ್ತವೆ, ಮನಸ್ಸು ತಣಿಯುತ್ತದೆ. ಆದರೆ ಒಂದು ಮನೆಯ ಕೀಲಿಯು ಇನ್ನೊಂದು ಮನೆಯ ಬೀಗಕ್ಕೂ ಹೊಂದುವುದುಂಟಷ್ಟೆ. ಅಮೆರಿಕದ ಬಫೆಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ವಿಷಯವು ಇಂಥದೇ. ಮೇದೋಜೀರಕದ ಅರ್ಬುದದ ಸುತ್ತ ನಾರು ನೇಯುವ ಜೀವಕೋಶಗಳಲ್ಲಿ, ಆಮ್ಲವನ್ನರಿಯುವ ಜಿಪಿಆರ್ 68 ಎಂಬ ಗ್ರಾಹಕವಿದೆ. ಲೋರಾಜೆಪಾಮ್ ಅದನ್ನು ಚೇತರಿಸುತ್ತದೆ. ಆಗ ಆ ಕೋಶಗಳು ಇಂಟರ್‌ಲ್ಯೂಕಿನ್ 6 ಎಂಬ ಉರಿಯೂತದ ದ್ರವ್ಯವನ್ನು ಹೆಚ್ಚಾಗಿ ಸ್ರವಿಸುತ್ತವೆ. ಆಲ್ಪ್ರಜೋಲಾಮ್ ಆ ಬೀಗವನ್ನು ತೆರೆಯದು. ರೋಗಿಗಳ ದಾಖಲೆಗಳಲ್ಲಿಯೂ ಲೋರಾಜೆಪಾಮ್ ಪಡೆದವರ ರೋಗವು ಬೇಗನೆ ಮುಂದುವರಿದಿತ್ತು. ಆಲ್ಪ್ರಜೋಲಾಮ್ ಪಡೆದವರಲ್ಲಿ ತಡವಾಗಿ.

ಇಷ್ಟು ಕೇಳಿ ಹುಡುಗನು ಪಟ್ಟಿಯನ್ನು ಹಿತ್ತಲಿಗೆ ಎಸೆಯಲು ಎದ್ದನು. ಕೈಹಿಡಿದು ಕೂರಿಸಿದೆವು. ಆ ದಾಖಲೆಗಳ ರೋಗಿಗಳು ಸಂಖ್ಯೆಯಲ್ಲಿ ಸ್ವಲ್ಪವೇ. ಯಾರಿಗೆ ಯಾವ ಗುಳಿಗೆಯೆಂದು ಚೀಟಿ ಹಾಕಿ ಹಂಚಿದ್ದಲ್ಲ. ನೋವು, ಓಕರಿಕೆ, ಕಳವಳ ಹೆಚ್ಚಿದ್ದವರಿಗೇ ಲೋರಾಜೆಪಾಮ್ ಕೊಟ್ಟಿರಬಹುದು. ಹಾಗಾದರೆ ಅವರ ರೋಗವು ಮೊದಲೇ ಬಲಿತಿತ್ತೋ ಏನೋ. ಗುಳಿಗೆಯೇ ಕಾರಣವೆಂದು ಇದರಿಂದ ಸಿದ್ಧವಾಗದು. ಅದಕ್ಕೂ ಮಿಗಿಲಾಗಿ, ದಿನವೂ ಸೇವಿಸುತ್ತಿದ್ದ ಇಂಥ ಗುಳಿಗೆಯನ್ನು ಥಟ್ಟನೆ ಬಿಟ್ಟರೆ ನಡುಕ, ನಿದ್ರಾನಾಶ, ಕೆಲವೊಮ್ಮೆ ಅಪಸ್ಮಾರದ ಸೆಳವೂ ಬರಬಹುದು. ಬಿಡುವುದಾದರೆ ವೈದ್ಯರ ಕೈಕೆಳಗೆ ಮೆಲ್ಲಮೆಲ್ಲಗೆ ಇಳಿಸಬೇಕು. ನೆರೆಮನೆಯವರೊಬ್ಬರು ತಮ್ಮಲ್ಲಿ ಉಳಿದಿದ್ದ ಆಲ್ಪ್ರಜೋಲಾಮ್ ತಂದುಕೊಡುವೆನೆಂದರು! ಔಷಧದಂಗಡಿಯವನು ಅದರ ಲೆಕ್ಕವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂದು ಕಾಯಿದೆಯಿದೆ. ಉಪ್ಪಿನಂತೆ ಕಡ ಕೊಡುವ ಪದಾರ್ಥವೇ ಅದು?

ಹುಬ್ಬಳ್ಳಿಯ ವೈದ್ಯರಿಗೆ ಫೋನು ಮಾಡಿಸಿದೆವು. ಗುಳಿಗೆಯನ್ನು ಸದ್ಯಕ್ಕೆ ನಿಲ್ಲಿಸಬಾರದೆಂದೂ, ಸೋಮವಾರ ರೋಗಿಯನ್ನು ಕರೆತಂದರೆ ಬದಲಿಸುವ ಮಾತನ್ನು ಯೋಚಿಸುವೆನೆಂದೂ ಅವರು ಹೇಳಿದರು. ಆ ರಾತ್ರಿ ತಂಗಿಯು ಗುಳಿಗೆ ನುಂಗಿ ಹತ್ತು ಗಂಟೆಗೇ ಮಲಗಿದಳು. ಮಗನು ಸೋಮವಾರ ಕೇಳಬೇಕಾದ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆಯುತ್ತ ಕುಳಿತಿದ್ದನು.